ಹೋಗದ ಕಲೆಗೊಂದು ಪುಟ

ಕೊಳೆ ನೋಡದೆ ನಮ್ಮಕ್ಕ ಪ್ರಸ್ತಾವ ಬರೆಯುವವಳಲ್ಲ. ಯಾರು ಬಟ್ಟೆ ಒಗೆಯುವ ಗುತ್ತಿಗೆಗೆ ಕರೆದರೂ, ಮೊದಲು ಅವರ ಅತಿ ಹೊಲಸಾದ ಬಟ್ಟೆಗಳನ್ನು ಕೇಳಿ ತಂದು ಒಗೆಯುತ್ತಾಳೆ. ಆಮೇಲೆ ಯಾವ ಕಲೆ ಹೋಯಿತು, ಯಾವುದು ಹೋಗಲಿಲ್ಲ ಎಂದು ಬರೆಯುತ್ತಾಳೆ. ಹೋಗದ್ದಕ್ಕೇ ಒಂದು ಪುಟ. ಇದೆಂಥ ಹುಚ್ಚು ಎಂದು ಇಸ್ತ್ರಿ ಹಾಕುತ್ತಾ ನಾನು ಎಷ್ಟೋ ಸಲ ಗೊಣಗಿದ್ದೇನೆ.

ಈ ಸಲ ಕರೆದದ್ದು ದೊಡ್ಡ ಹೋಟೆಲು. ಆ ಕೆಲಸ ಸಿಗದಿದ್ದರೆ ನಮ್ಮ ಲಾಂಡ್ರಿಗೆ ಬೀಗವೇ ಗತಿ. ಕಟ್ಟಡ ಅಣ್ಣನದು, ಅಲ್ಲಿ ಟೈರ್ ಗೋಡೌನ್ ಮಾಡಲು ತುದಿಗಾಲಲ್ಲಿ ನಿಂತಿದ್ದ. ಆದರೂ ದೊಡ್ಡ ಮನಸ್ಸು ಮಾಡಿ ಒಂದು ಪ್ರಸ್ತಾವ ಗೀಚಿಕೊಟ್ಟ: ‘ವಿಶ್ವದರ್ಜೆಯ ಸೇವೆ, ನುರಿತ ತಂಡ, ಎಂಥ ಕಲೆಯೂ ಮಾಯ.’ ನುರಿತ ತಂಡವೆಂದರೆ ಅಕ್ಕ, ನಾನು, ಗುದ್ದಿದರೆ ಮಾತ್ರ ತಿರುಗುವ ಒಂದು ಮೆಷಿನ್ನು.

ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಹೋಟೆಲಿನ ಹೊಲಸು ಬಟ್ಟೆ ತಂದು ಒಗೆದು ನೋಡಿ ತನ್ನದನ್ನೇ ಬರೆದಳು: ‘ನಿಮ್ಮ ಬೆಡ್‌ಶೀಟು ಬೇಗ ಹರಿಯುವುದು ಬ್ಲೀಚಿನಿಂದ. ನಾವು ನೆನೆಸಿ ಒಗೆಯುತ್ತೇವೆ, ಒಂದು ದಿನ ಹೆಚ್ಚು ಬೇಕು.’ ಕೊನೆಯ ಪುಟದಲ್ಲಿ, ‘ತಲೆಗೂದಲ ಬಣ್ಣದ ಕಲೆ ಹೋಗುವುದಿಲ್ಲ. ಹೋಗಿಸಿದರೆ ಬಟ್ಟೆಯೂ ಹೋಗುತ್ತದೆ.’ ಕಲೆ ಉಳಿದ ಅವರ ಬೆಡ್‌ಶೀಟನ್ನೂ ಜೊತೆಗಿಟ್ಟಳು.

ಮ್ಯಾನೇಜರ್ ಫೋನ್ ಮಾಡಿ, ಕೆಲಸ ನಿಮಗೇ, ಬಂದು ಸಹಿ ಹಾಕಿ ಎಂದ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನ ಕೋಣೆಯಲ್ಲಿ ಕೂತು ಅಕ್ಕ ಕಾಗದ ತಿರುವಿದಳು. ಕೊನೆಯ ಪುಟ ಇರಲಿಲ್ಲ.

"ಅದು ಬೇಡಮ್ಮ. ಯಜಮಾನ್ರಿಗೆ ಒಳ್ಳೇದಷ್ಟೇ ತೋರ್ಸಿದೀನಿ."

"ನಾಳೆ ಕಲೆ ಹೋಗ್ಲಿಲ್ಲ ಅಂದ್ರೆ ಯಾರನ್ನ ಕೇಳ್ತೀರಿ?"

"ನಿಮ್ಮನ್ನೇ."

"ಹಾಗಾದ್ರೆ ಪುಟ ಒಳಗಿರ್ಲಿ. ಇಲ್ಲಾಂದ್ರೆ ಸಹಿ ಇಲ್ಲ."

"ಯೋಚ್ನೆ ಮಾಡಿ. ಹೊರಗೆ ಇನ್ನೊಬ್ರು ಕಾಯ್ತಿದಾರೆ."

"ಕರೀರಿ. ಕುರ್ಚಿ ಖಾಲಿ ಮಾಡ್ತೀನಿ."

ಮೇಜಿನಡಿ ಅವಳ ಕಾಲು ತುಳಿದೆ. ಕ್ಯಾರೇ ಅನ್ನಲಿಲ್ಲ. ಅವರಿಗೆ ಬೇಡವಾದ ಆ ಬೆಡ್‌ಶೀಟು, ಪುಟ ಎರಡನ್ನೂ ಕೇಳಿ ಪಡೆದು ಎದ್ದಳು. ದಾರಿಯುದ್ದಕ್ಕೂ ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ.

ಅಂಗಡಿಯಲ್ಲಿ ಅಣ್ಣ ಆಗಲೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ವಿಷಯ ಕೇಳಿ, "ಇಷ್ಟೊಂದು ಸೊಕ್ಕು ಒಳ್ಳೇದಲ್ಲ. ತಿಂಗಳ ಕೊನೇಗೆ ಜಾಗ ಬಿಡು," ಎಂದ.

"ಬಾಡಿಗೆ ಕೊಡ್ತಿರೋವರೆಗೂ ಬಿಡಲ್ಲ. ಟೇಪಿನ ಆ ತುದಿ ಹಿಡ್ಕೋ."

ಯಾಕೆಂದು ತಿಳಿಯದೆ ಅವನು ಹಿಡಿದ. ಅಕ್ಕ ಬಾಗಿಲ ಮೇಲಿನ ಜಾಗ ಅಳೆದು, ಸ್ಟೂಲು ಹತ್ತಿ, ಕಲೆಯ ಬೆಡ್‌ಶೀಟನ್ನು ಬೀದಿಗೆ ಕಾಣುವಂತೆ ಮೊಳೆ ಹೊಡೆದು ಕಟ್ಟಿದಳು. ಪಕ್ಕದಲ್ಲಿ ಆ ಪುಟ ಅಂಟಿಸಿದಳು. ನಾಚಿಕೆಯಿಂದ ನಾನು ಒಳಗೆ ಸರಿದೆ.

ಎದುರಿನ ಬ್ಯೂಟಿ ಪಾರ್ಲರಿನಾಕೆ ರಸ್ತೆ ದಾಟಿ ಬಂದು, ನಿಂತು, ಪೂರ್ತಿ ಓದಿದಳು.

"ಕೂದಲ ಬಣ್ಣ ಹೋಗುತ್ತೆ ಅಂತ್ಲೇ ಹೇಳಿ ಒಬ್ಬೊಬ್ರೂ ನನ್ ಟವೆಲ್ಲೆಲ್ಲ ಚಿಂದಿ ಮಾಡಿದ್ರು. ಕಲೆ ಇರ್ಲಿ ಬಿಡಿ, ಟವೆಲ್ ಉಳಿದ್ರೆ ಸಾಕು. ಎಲ್ಲಾ ತಂದುಕೊಡ್ಲಾ?"

ನಾನು ಒಳಗಿಂದ ಓಡಿಬಂದು ಹೂಂ ಎನ್ನುವುದರಲ್ಲಿದ್ದೆ. ಅಕ್ಕ ಸ್ಟೂಲಿನಿಂದ ಇಳಿದಳು.

"ಮೊದ್ಲು ಎರಡು ಕೊಡಿ, ಅತಿ ಹೊಲಸಾಗಿರೋದು. ಒಗೆದು ಬರ್ಕೊಡ್ತೀನಿ," ಎಂದಳು. ಆಮೇಲೆ ತಿರುಗಿ, "ಅಣ್ಣಾ, ಟೇಪ್ ಸುತ್ಕೋ."