ಕ್ರುನಿಯಾ ತಿನ್ನದ ಸೇಬು

ನನ್ನ ಓರಗಿತ್ತಿ ಕ್ರುನಿಯಾ ನಲವತ್ತೆರಡು ವರ್ಷ ತನ್ನ ಮರದ ಹಣ್ಣನ್ನು ಬಾಯಿಗಿಡಲಿಲ್ಲ. ಹೀಗೆಂದರೆ ಪೇಟೆಯವರು ಅವಳಿಗೆ ಸಕ್ಕರೆ ಕಾಯಿಲೆಯೇನೋ ಅಂದುಕೊಳ್ಳುತ್ತಾರೆ. ಕಾಯಿಲೆ ಗೀಯಿಲೆ ಏನೂ ಇಲ್ಲ. ಎಪ್ಪತ್ತರ ಹತ್ತಿರದಲ್ಲೂ ಏಣಿ ಹತ್ತಿ ಕೊಂಬೆ ಸವರುವ ಗಟ್ಟಿಗಿತ್ತಿ ಅವಳು. ಮಾತು ಮಾತ್ರ ತೀರಾ ಕಡಿಮೆ. ಆ ಕೊರತೆಯನ್ನು ನಾನು ತುಂಬಿಕೊಡುತ್ತೇನೆ ಎಂದು ನನ್ನ ಗಂಡ ರಾದೊಯೆ ಆಡಿಕೊಳ್ಳುವುದುಂಟು.

ಆ ಸೇಬಿಗೆ ನಮ್ಮಲ್ಲಿ ನೆವೆಸ್ತಿಂಕಾ ಎಂದು ಹೆಸರು. ಮದುವಣಗಿತ್ತಿಯ ಹಣ್ಣು ಎಂದು ಅರ್ಥ. ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ಸೇಬೊಂದನ್ನು ಮನೆಯ ಮಾಡಿನ ಮೇಲಿಂದ ಆಚೆಗೆ ಎಸೆಯಬೇಕು. ನಮ್ಮ ಅತ್ತೆಯ ಅತ್ತೆ ಎಸೆದ ಹಣ್ಣು ಕುರಿಹಟ್ಟಿಯ ಹಿಂದೆ ಬಿದ್ದು, ಅಲ್ಲೇ ಮೊಳೆತು ಮರವಾಯಿತಂತೆ. ನನ್ನನ್ನು ಕೇಳಿದರೆ ಅದು ಹಂದಿ ತಿಂದು ಹಾಕಿದ ಬೀಜ. ಒಮ್ಮೆ ಅತ್ತೆಯ ಎದುರಿಗೇ ಹಾಗಂದು ಸೌಟಿನಿಂದ ಏಟು ತಿಂದಿದ್ದೇನೆ. ಯಾರ ಹೊಟ್ಟೆಯಿಂದಲೇ ಬಂದಿರಲಿ, ಹಣ್ಣು ಮಾತ್ರ ಬಂಗಾರ. ತೆಳು ಹಳದಿ ಮೈ, ಒಂದು ಕೆನ್ನೆ ಕೆಂಪು. ಜೂನ್ ಕೊನೆಗೆ, ವಿದೊವ್ದಾನ್ ಹಬ್ಬದ ಹೊತ್ತಿಗೆ ಹಣ್ಣಾಗುತ್ತದೆ. ಕಿತ್ತ ನಾಲ್ಕನೇ ದಿನಕ್ಕೆ ಹಿಟ್ಟು. ಪೇಟೆಗೆ ಒಯ್ಯುವಂಥದ್ದಲ್ಲ, ಮರದ ಬುಡದಲ್ಲೇ ನಿಂತು ತಿನ್ನಬೇಕು.

ಕ್ರುನಿಯಾಗೆ ಒಬ್ಬ ಮಗನಿದ್ದ. ಕಬ್ಬಿಣದ ಹಾಗೆ ಗಟ್ಟಿಯಾಗಿ ಬಾಳಲಿ ಎಂದು ಗ್ವೊಜ್ದೆನ್ ಎಂದು ಹೆಸರಿಟ್ಟಿದ್ದರು. ನಾಲ್ಕು ವರ್ಷದವನಿದ್ದಾಗ, ಹಿಮ ಬಿದ್ದು ದಾರಿ ಮುಚ್ಚಿದ್ದ ವಾರದಲ್ಲಿ ಜ್ವರ ಬಂದು ತೀರಿಕೊಂಡ. ಮಗು ಕಳೆದುಕೊಂಡ ತಾಯಿ ನಮ್ಮಲ್ಲಿ ಪ್ರತಿ ವರ್ಷ ಸಂತ ಪೇತ್ರನ ದಿನದವರೆಗೆ ಸೇಬು ಮುಟ್ಟುವುದಿಲ್ಲ. ಆ ದಿನ ಪರಲೋಕದಲ್ಲಿ ಸಂತ ಮಕ್ಕಳಿಗೆಲ್ಲ ಸೇಬು ಹಂಚುತ್ತಾನಂತೆ. ಯಾರ ತಾಯಿ ಅದಕ್ಕೆ ಮುಂಚೆ ತಿಂದಿದ್ದಾಳೋ ಆ ಮಗುವನ್ನು, "ನಿನ್ನ ಪಾಲು ನಿಮ್ಮಮ್ಮ ತಿಂದಾಯ್ತು, ಹೋಗು" ಎಂದು ಬರಿಗೈಯಲ್ಲಿ ಕಳಿಸುತ್ತಾನಂತೆ. ಮಗುವಿಗೆ ಹಾಗನ್ನುವವನು ಎಂಥ ಸಂತ ಎಂದು ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಕ್ರುನಿಯಾಳ ಮುಂದೆ ತುಟಿ ಬಿಚ್ಚಿದವಳಲ್ಲ. ಪೇತ್ರನ ದಿನ ಬರುವುದು ಜುಲೈ ಹನ್ನೆರಡಕ್ಕೆ. ಅಷ್ಟು ಹೊತ್ತಿಗೆ ನೆವೆಸ್ತಿಂಕಾ ಮರದಲ್ಲೂ ಇರುವುದಿಲ್ಲ, ಬುಟ್ಟಿಯಲ್ಲೂ ಇರುವುದಿಲ್ಲ. ಹೀಗಾಗಿ ಊರಿಗೆಲ್ಲ ಹಂಚಿದ ಹಣ್ಣು ಅವಳ ಪಾಲಿಗೆ ಇಲ್ಲವಾಯಿತು.

ಆಮೇಲೆ ನಮ್ಮ ಮೊರಾವಿತ್ಸಾ ಕಣಿವೆಗೆ, ಪೇಟೆಯಲ್ಲಿ ಒಳ್ಳೆ ದುಡ್ಡು ಬರುವ ರಾಸ್ಪ್‌ಬೆರಿಯ ಹುಚ್ಚು ಹಿಡಿಯಿತು. ಒಬ್ಬೊಬ್ಬರೇ ಸೇಬಿನ ಮರ ಉರುಳಿಸಿ ಮುಳ್ಳಿನ ಗಿಡ ನೆಟ್ಟರು. ನಾವೂ ಉರುಳಿಸಿದೆವು. ಹಗ್ಗ ಎಳೆದವಳು ನಾನೇ. ನಾಚಿಕೆಯಾಗುತ್ತದೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಕೊನೆಗೆ ಉಳಿದದ್ದು ಕುರಿಹಟ್ಟಿಯ ಹಿಂದಿನ ತಾಯಿಮರ ಒಂದೇ. ಒಂದು ಫೆಬ್ರವರಿಯಲ್ಲಿ ಹಸಿ ಹಿಮದ ಭಾರಕ್ಕೆ ಅದೂ ಬುಡಸಮೇತ ಮಗುಚಿತು.

ಕ್ರುನಿಯಾ ಅಳಲಿಲ್ಲ. ಬಿದ್ದ ಮರದಿಂದಲೇ ಕಸಿಗೆ ಕಡ್ಡಿ ಕೊಯ್ದು, ಗುರುತಿಗೆ ಕೆಂಪು ನೂಲಿನಿಂದ ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿ ನೆಲಮಾಳಿಗೆಯಲ್ಲಿಟ್ಟಳು. ಅದೇ ಗೋಣಿಯಲ್ಲಿ ಅವಳ ತವರಿಂದ ಬಂದ ಇನ್ನೊಂದು ಬೇಸಿಗೆ ಸೇಬಿನ ಕಡ್ಡಿಗಳೂ ಇದ್ದವು. ಆ ವಾರವೇ ನನ್ನ ಹಸು ಕರು ಹಾಕಿತು. ಕರುವಿಗೆ ದೃಷ್ಟಿಯಾಗಬಾರದೆಂದು ಕೊರಳಿಗೆ ಕೆಂಪು ನೂಲು ಕಟ್ಟಬೇಕು. ಆತುರದಲ್ಲಿ ಮನೆಯಲ್ಲೆಲ್ಲೂ ನೂಲು ಸಿಗಲಿಲ್ಲ. ನೆಲಮಾಳಿಗೆಯಲ್ಲಿ ಸಿಕ್ಕಿತು.

ಮರುದಿನ ಕ್ರುನಿಯಾ ಕೊಟ್ಟಿಗೆಗೆ ಬಂದಳು. "ರೊಸಾಂದಾ, ಈ ನೂಲು ಎಲ್ಲಿಂದ ತಂದ್ಯೇ?"

"ಕೆಳಗೆ ಯಾವುದೋ ಕಡ್ಡಿಗೆ ಕಟ್ಟಿತ್ತು ಕಣೆ. ಬಿಚ್ಕೊಂಡ್ ಬಂದೆ."

"ಯಾವುದೋ ಕಡ್ಡಿಗೆ!" ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು. "ಆಯ್ತು ಬಿಡು. ನಿನ್ನ ಕರು ನೂರು ವರ್ಷ ಬಾಳ್ಲಿ."

ಆಮೇಲೆ ಒಂದು ತಿಂಗಳು ನನ್ನ ಜೊತೆ ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಲೆತುಹೋದ ಕಡ್ಡಿಗಳಲ್ಲಿ ಹನ್ನೆರಡನ್ನು ಕಸಿ ಕಟ್ಟಿದಳು. ಬದುಕಿದ್ದು ಬೇಲಿಯ ಪಕ್ಕದ ಎರಡೇ. ಎಂಟು ವರ್ಷದ ಮೇಲೆ ಎರಡೂ ಫಲ ಕೊಟ್ಟವು. ಎರಡೂ ಹಳದಿ, ಎರಡಕ್ಕೂ ಕೆಂಪು ಕೆನ್ನೆ.

ಯಾವುದು ನೆವೆಸ್ತಿಂಕಾ? ರಾದೊಯೆ ಎಡದ್ದು ಎಂದ. ಪಾದ್ರಿಗಳು ಬಲದ್ದು ಎಂದರು. ನಾನೂ ಬಲದ್ದೇ ಎಂದು ಆಣೆ ಮಾಡಿದೆ. ಕಂಡಕಂಡ ಹಣ್ಣು ತಿಂದು ನಮ್ಮ ನಾಲಿಗೆ ಕೆಟ್ಟಿತ್ತು. ಇಪ್ಪತ್ತಾರನೇ ವಯಸ್ಸಿಗೆ ಬಿಟ್ಟ ಕ್ರುನಿಯಾಳ ಬಾಯಲ್ಲಿ ಮಾತ್ರ ಆ ರುಚಿ ಕಲಬೆರಕೆಯಾಗದೆ ಉಳಿದಿರಬೇಕು. ಆದರೆ ಅವಳು ತಿನ್ನುವ ಹಾಗಿಲ್ಲವಲ್ಲ. ಪೇತ್ರನ ದಿನದವರೆಗೆ ಇರಲಿ ಎಂದು ಫ್ರಿಜ್ಜಿನಲ್ಲಿಟ್ಟೂ ನೋಡಿದೆವು. ಆ ದಿನ ತೆಗೆದರೆ ಎರಡೂ ನೆನೆದ ಹಿಟ್ಟಿನ ಮುದ್ದೆ.

ಮರು ವರ್ಷ ವಿದೊವ್ದಾನ್ ದಿನವೇ ವೆಲಿಮಿರ್ ಬಂದ. ಊರೂರು ಅಲೆದು ಹಳೆಯ ಹಣ್ಣಿನ ತಳಿಗಳನ್ನು ಉಳಿಸುವ ಮನುಷ್ಯ, ದಪ್ಪ ಕನ್ನಡಕ. ನಾವು ಕೊಟ್ಟ ಹಣ್ಣಿನ ಸಾರಾಯಿ ರಾಕಿಯಾ ಕುಡಿದು, ಎರಡೂ ಮರ ಸುತ್ತಿ, ತಲೆ ಕೆರೆದುಕೊಂಡ.

"ಎರಡರಿಂದಲೂ ಕಸಿಗೆ ಕಣ್ಣಿರೋ ಚಿಗುರು ತಗೊಂಡ್ ಹೋಗ್ತೀನಿ ಅಮ್ಮಾ. ಎರಡಕ್ಕೂ ನೆವೆಸ್ತಿಂಕಾ ಅಂತಲೇ ಬರ್ಕೊಂಡ್ರಾಯ್ತು."

"ಪಕ್ಕದ ಮನೆ ಮಗೂನ ತೋರಿಸಿ ನನ್ ಮಗ ಅಂತೀಯೇನಪ್ಪಾ?" ಎಂದಳು ಕ್ರುನಿಯಾ. "ಹೆಸರು ಸುಳ್ಳಾದ್ರೆ ಆಮೇಲೆ ನಿಜದ್ದನ್ನ ಯಾರೂ ಹುಡುಕಲ್ಲ."

ಸೀದಾ ಮರದ ಹತ್ತಿರ ನಡೆದಳು. ಬಲಗಡೆಯದರಿಂದ ಒಂದು, ಎಡಗಡೆಯದರಿಂದ ಒಂದು ಕಿತ್ತಳು. ಏನು ಮಾಡಲಿದ್ದಾಳೆಂದು ನನಗೆ ಹೊಳೆಯಿತು. ಸಂತನನ್ನು ಮೂರು ಕಾಸಿಗೆ ನಂಬದ ನಾನೇ ಓಡಿಹೋಗಿ ಅವಳ ಕೈ ಹಿಡಿದೆ.

"ಬೇಡ ಕಣೆ ಮಾರಾಯ್ತಿ. ಹಾಳಾಗ್ ಹೋಗ್ಲಿ ಸೇಬು."

"ಬಿಡು ರೊಸಾಂದಾ. ಅವನಿಗೀಗ ನಲವತ್ತಾರು ವರ್ಷ. ಅಷ್ಟ್ ದೊಡ್ಡ ಗಂಡಸು, ಬೇಕಾದ್ರೆ ತನ್ನ ಹಣ್ಣು ತಾನೇ ಕಿತ್ಕೋತಾನೆ."

ಬಲಮರದ ಹಣ್ಣು ಕಚ್ಚಿ ಅಗಿದು ಉಗುಳಿದಳು. "ಇದು ನನ್ನ ಅಣ್ಣನ ಮನೇದು." ಎಡದ್ದನ್ನು ನಿಧಾನವಾಗಿ ಅಗಿದಳು. ಬೀಜದ ಹತ್ತಿರ ಬಂದಾಗ ಅವಳ ಮುಖ ಕಿವುಚಿಕೊಂಡಿತು, ಕಣ್ಣಿಂದ ನೀರು ಇಳಿಯಿತು.

"ಇದೇ. ಕೊನೇಲಿ ಒಗರು. ತಿಂತಾ ತಿಂತಾ ಇಲ್ಲಿಗೆ ಬಂದಾಗ ಗ್ವೊಜ್ದೆನ್ ಹಿಂಗೇ ಮುಖ ಮಾಡ್ತಿದ್ದ."

ವೆಲಿಮಿರ್ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ, ಹೆಸರು ಬರೆದುಕೊಂಡ, ಎಡಮರದಿಂದಷ್ಟೇ ಚಿಗುರು ಕೊಯ್ದು ಹೊರಟ. ಆ ಮರದ ಮಕ್ಕಳು ಈಗ ಅವನ ತೋಟದಲ್ಲಿ ಒಂದು ಸಾಲು ನಿಂತಿವೆ. ನಮ್ಮೂರಲ್ಲೂ ಹತ್ತೊಂಬತ್ತು ಮನೆಯವರು ರಾಸ್ಪ್‌ಬೆರಿಯ ಮಧ್ಯೆ ಜಾಗ ಬಿಡಿಸಿ ಕ್ರುನಿಯಾಳ ಕೈಯಲ್ಲಿ ಕಸಿ ಕಟ್ಟಿಸಿಕೊಂಡರು.

ಅವತ್ತು ಎಲ್ಲರೂ ಹೋದ ಮೇಲೆ ಅವಳು ಹುಲ್ಲಿನ ಮೇಲೇ ಕೂತಿದ್ದಳು. ಗಂಡಸರ ಮುಂದೆ ಆಡಿದ್ದ ಗಟ್ಟಿ ಮಾತೆಲ್ಲ ಇಳಿದುಹೋಗಿತ್ತು.

"ಪೇತ್ರ ಅವನಿಗೆ ಕೊಡ್ತಾನೇನೇ, ರೊಸಾಂದಾ?"

"ಕೊಡದೆ ಏನು! ಇವತ್ತಿಂದ ಆ ದಿನದವರೆಗೂ ನಾನು ಸೇಬು ಮುಟ್ಟಲ್ಲ. ಪ್ರತಿ ವರ್ಷವೂ ಅಷ್ಟೇ. ನನ್ನ ಪಾಲು ಗ್ವೊಜ್ದೆನ್‌ಗೆ. ನೀನು ಹೊಟ್ಟೆ ತುಂಬ ತಿನ್ನು."

"ನೀನು ಇದನ್ನೆಲ್ಲ ನಂಬಲ್ವಲ್ಲೇ."

"ನಂಬಲ್ಲ. ತಿನ್ನೋದೂ ಇಲ್ಲ."

ಮೂರು ಬೇಸಿಗೆ ಕಳೆದವು. ವಿದೊವ್ದಾನ್ ಬಂತೆಂದರೆ ಕ್ರುನಿಯಾ ಮರದಡಿ ಕೂತು ಒಂದಾದ ಮೇಲೊಂದು ತಿನ್ನುತ್ತಾಳೆ. ನಾನು ಬಾಯಲ್ಲಿ ನೀರೂರಿಸಿಕೊಂಡು ಎದುರಿಗೆ ಕೂತಿರುತ್ತೇನೆ. ಒಗರಿನ ಹತ್ತಿರ ಬಂದಾಗ ಅವಳು ಮುಖ ಕಿವುಚುತ್ತಾಳೆ, ನನ್ನನ್ನು ನೋಡಿ ನಗುತ್ತಾಳೆ.