ಮಗ್ಗೆಯಿಂದ ಡಯಾಲಿಸಿಸ್‌ಗೆ ಹೊರಡುವ ಅಂಬಾಸಿಡರ್

ಹಾಸನ ಜಿಲ್ಲೆಯ ಮಗ್ಗೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಜಿನಲ್ಲಿ ಎದುರುಮನೆಯ ದೀಪ ಮಾತ್ರ ಕಾಣುತ್ತದೆ. ಚಂದ್ರಿಕಾ ಬಿಳಿ ಅಂಬಾಸಿಡರ್‌ ಕಾರಿನೊಳಗೆ ಕೂತು ಕೀಲಿ ತಿರುಗಿಸುತ್ತಾರೆ. ಟಕ್ ಎಂದು ಸುಮ್ಮನಾಗುತ್ತದೆ. ಇನ್ನೊಮ್ಮೆ ತಿರುಗಿಸುತ್ತಾರೆ. ಗೊರಗೊರ ಎಂದು ಮತ್ತೆ ನಿಲ್ಲುತ್ತದೆ. ಸೆರಗಿನಿಂದ ಅಂಗೈ ಒರೆಸಿಕೊಂಡು ಮತ್ತೊಮ್ಮೆ ತಿರುಗಿಸಿದಾಗ ಇಡೀ ಗಾಡಿ ನಡುಗಿ, ಕರಿ ಹೊಗೆ ಕಾರಿ, ಸದ್ದು ಮಾಡತೊಡಗುತ್ತದೆ. ಆಮೇಲೆಯೇ ಅವರು ಉಸಿರು ಬಿಡುವುದು.

"ಈ ಮೂರು ನಿಮಿಷ ಕಳೀತಾ, ಅರ್ಧ ದಿನದ ಕೆಲ್ಸ ಮುಗೀತು ಕಣ್ರೀ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. ನಗುತ್ತಲೇ ಹೇಳಿದರೂ ಕಣ್ಣು ಮೀಟರಿನ ಮೇಲೇ ಇರುತ್ತದೆ.

ಮಂಗಳವಾರ ಮತ್ತು ಶುಕ್ರವಾರ ಈ ಕಾರು ಹಾಸನದ ಆಸ್ಪತ್ರೆಗೆ ಹೋಗಲೇಬೇಕು. ಹಿಂದಿನ ಸೀಟಿನಲ್ಲಿ ಇದೇ ಊರಿನ ಮುನಿಯಮ್ಮ. ದಾರಿಯಲ್ಲಿ ಹತ್ತುವವರು ರಂಗಸ್ವಾಮಿ, ಹಿಂದೆ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಇಬ್ಬರದೂ ಮೂತ್ರಪಿಂಡ ಕೈಕೊಟ್ಟಿದೆ. ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡಿಸಿಕೊಂಡರೆ ಮುಂದಿನ ಮೂರ್ನಾಲ್ಕು ದಿನ ನೆಮ್ಮದಿ. ಅಷ್ಟು ಬೆಳಿಗ್ಗೆ ಈ ಕಡೆಯಿಂದ ಬಸ್ಸಿಲ್ಲ. ವಾಪಸು ಬರುವಾಗ ವಾಂತಿ, ತಲೆಸುತ್ತು. ಅದಕ್ಕೇ ಬೇರೆ ಬಾಡಿಗೆ ಗಾಡಿಯವರು ಒಬ್ಬೊಬ್ಬರಾಗಿ ಜಾರಿಕೊಂಡರು. ಚಂದ್ರಿಕಾ ಮಾತ್ರ ಸೀಟಿಗೆ ಹಳೆ ಕಂಬಳಿ ಹಾಸಿ, ಕಾಲ ಬಳಿ ಬಕೆಟ್ ಇಟ್ಟು, "ಹತ್ತು ದೊಡ್ಡಮ್ಮ" ಎಂದರು.

ಈ ಅಂಬಾಸಿಡರ್ ಅವರ ತಂದೆ ಮಹಾದೇವಯ್ಯನವರದು. ಹತ್ತಿರದ ಬಾಳ್ಳುಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾಡಿಗೆ ಹೊಡೆಯುತ್ತಿದ್ದವರು. ಭಾನುವಾರಗಳಂದು ಮಗಳನ್ನು ಖಾಲಿ ಮೈದಾನಕ್ಕೆ ಕರೆದೊಯ್ದು ಸ್ಟೀರಿಂಗ್ ಕೊಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಗಾಡಿ ಮಾರುವ ಮಾತು ಬಂತು. ಆಗಲೇ ಮದುವೆಯಾಗಿ ಮಗ್ಗೆಯಲ್ಲಿದ್ದ ಚಂದ್ರಿಕಾ ಅದನ್ನು ತಾವೇ ಓಡಿಸಿಕೊಂಡು ಬಂದುಬಿಟ್ಟರು. ಅಪ್ಪ ತೀರಿಕೊಂಡು ವರ್ಷಗಳಾದವು. ಹಳೆ ಕಾರಿನ ಮೋಹದವರು ಬೆಂಗಳೂರಿನಿಂದ ಬಂದು ಕೇಳಿದ್ದುಂಟು. "ಅವ್ರು ಬಟ್ಟೆ ಹೊದಿಸಿ ನಿಲ್ಲಿಸ್ಕೊತಾರೆ. ಇದು ನಿಲ್ಲಕ್ಕೆ ಹುಟ್ಟಿದ ಗಾಡಿ ಅಲ್ಲ" ಎಂದು ಕಳಿಸಿದ್ದಾರೆ.

ಆದರೆ ಕಳೆದ ಮಳೆಗಾಲದ ಒಂದು ಶುಕ್ರವಾರ ಅವರ ಮನಸ್ಸು ಅಲ್ಲಾಡಿಹೋಯಿತು.

ಆವತ್ತು, ಆನೆಗಳ ಓಡಾಟ ತಿಳಿಸಲು ಅರಣ್ಯ ಇಲಾಖೆ ಮೊಬೈಲಿಗೆ ಕಳಿಸುವ ಮೆಸೇಜಿನಲ್ಲಿ ಆನೆ ಬೇರೆ ಕಡೆ ಇದೆ ಎಂದಿತ್ತು. ಮಗ್ಗೆ ದಾಟಿ, ರಂಗಸ್ವಾಮಿಯವರನ್ನು ಹತ್ತಿಸಿಕೊಂಡು ಏರಿನ ತಿರುವಿಗೆ ಬಂದರೆ, ಕಾಫಿ ತೋಟದ ಬೇಲಿ ಮುರಿದುಕೊಂಡು ಒಂಟಿ ಸಲಗ ರಸ್ತೆ ನಡುವೆ ನಿಂತಿದೆ. ಡೀಸೆಲ್ ಇಂಜಿನ್ನಿನ ಸದ್ದಿಗೆ ಅದು ಕಿವಿ ಅಗಲಿಸಿ ತಿರುಗಿತು. ಚಂದ್ರಿಕಾ ಇಂಜಿನ್ ನಿಲ್ಲಿಸಿದರು. ಆನೆ ಹೋಗಲಿಲ್ಲ. ಒಂದೊಂದೇ ಹೆಜ್ಜೆ ಮುಂದಿಡತೊಡಗಿತು. ಕೀಲಿ ತಿರುಗಿಸಿದರೆ ಟಕ್. ಮತ್ತೆ ಟಕ್.

"ಹಿಂದೆ ರಂಗಸ್ವಾಮಣ್ಣ ಕಣ್ಣು ಮುಚ್ಚ್ಕಂಡು ಕೂತ್ಬುಟ್ಟಿದ್ರು. ಮುನಿಯಮ್ಮ ನನ್ನ ಭುಜ ಹಿಡ್ಕಂಡು, 'ಚಂದ್ರಿ, ನಾನು ಹೆಂಗೂ ಸಾಯೋಳೆ, ನೀನು ಇಳ್ದು ಓಡು ಮಗಾ' ಅಂತು. ಎಲ್ಲಿಗೆ ಓಡ್ಲಿ ನಾನು?"

ಅವರು ಬ್ರೇಕ್ ಬಿಟ್ಟರು. ಇಳಿಜಾರಿನಲ್ಲಿ ಕಾರು ಸದ್ದಿಲ್ಲದೆ ಹಿಂದಕ್ಕೆ ಉರುಳಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಿಂದೆ ನೋಡುತ್ತ, ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕೆಸರಿನ ಅಂಚಿಗೆ ಹೋಗದಂತೆ ಇಳಿಸಿದರು. ವೇಗ ಸಿಕ್ಕಾಗ ರಿವರ್ಸ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಗಾಡಿ ಒದರಿಕೊಂಡು ಇಂಜಿನ್ ಹಿಡಿಯಿತು. ಸಲಗ ಸ್ವಲ್ಪ ಹೊತ್ತು ನಿಂತು ನೋಡಿ, ತೋಟದೊಳಗೆ ಹೊಕ್ಕಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಊರಿನವರ ಬಾಯಲ್ಲಿ ಸಾಹಸವಾಗಿ ಉಳಿಯುತ್ತಿತ್ತು. ಆದರೆ ಮತ್ತೆ ಆ ತಿರುವಿಗೆ ಹೋಗಲು ಧೈರ್ಯವಾಗದೆ ಸುತ್ತು ದಾರಿ ಹಿಡಿದು ಹಾಸನ ಸೇರುವಷ್ಟರಲ್ಲಿ ಹೊತ್ತಾಗಿತ್ತು. ಇವರ ಸರದಿಯಲ್ಲಿ ಬೇರೆಯವರನ್ನು ಮಲಗಿಸಿದ್ದರು. ಕಾಯುತ್ತ ಕೂತ ಮುನಿಯಮ್ಮನಿಗೆ ಉಸಿರು ಕಟ್ಟಿತು. ಆಕ್ಸಿಜನ್ ಹಾಕಿ ಒಳಗೆ ಕರೆದೊಯ್ದರು. ಆಕೆ ಚೇತರಿಸಿಕೊಳ್ಳುವವರೆಗೂ ಬಾಗಿಲ ಹೊರಗೆ ಚಂದ್ರಿಕಾ ಆಕೆಯ ಚಪ್ಪಲಿ ಹಿಡಿದುಕೊಂಡು ನಿಂತಿದ್ದರಂತೆ.

"ಆನೆ ತಪ್ಪು ಅಂತ ಎಲ್ರೂ ಅಂದ್ರು. ಆದ್ರೆ ಮೊದಲ್ನೇ ಸಲ ಕೀಲಿ ತಿರುಗಿಸ್ದಾಗ್ಲೇ ಇಂಜಿನ್ ಹಿಡ್ಕಂಡಿದ್ರೆ? ಗಾಡಿ ನಂದು ತಾನೆ?"

ಬಾಳ್ಳುಪೇಟೆಯ ಮೆಕ್ಯಾನಿಕ್ ಬಸವಯ್ಯ ಇಂಜಿನ್ ಶುರು ಮಾಡುವ ಸೆಲ್ಫ್ ಮೋಟಾರ್ ಬಿಚ್ಚಿ, ಸವೆದದ್ದನ್ನೆಲ್ಲ ಬದಲಾಯಿಸಿ ಕೊಟ್ಟರು. "ಇನ್ನೂ ಓಡ್ತದೆ ಕಣವ್ವ. ಆದ್ರೆ ಇದ್ರ ಸಾಮಾನು ಸಿಗೋದೇ ಕಷ್ಟ. ನಾಳೆ ಏನಾಯ್ತದೋ ನಾನು ಹೇಳಕ್ಕಾಗಲ್ಲ" ಎಂದರು. ಆವತ್ತಿನಿಂದ ಚಂದ್ರಿಕಾ ಮೊಬೈಲಿನಲ್ಲಿ ಎಲೆಕ್ಟ್ರಿಕ್ ಕಾರಿನ ವಿಡಿಯೊಗಳನ್ನು ನೋಡತೊಡಗಿದರು. ಗುಂಡಿ ಒತ್ತಿದರೆ ಹೊರಡುತ್ತದೆ. ಹೊಗೆಯಿಲ್ಲ, ನಡುಕವಿಲ್ಲ. ಅದರ ಜೊತೆಗೇ ಹೊಸ ಅಂಜಿಕೆಗಳೂ ಬಂದವು. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲದ ಊರು. ಚಾರ್ಜ್ ಎಲ್ಲಿಂದ ಬರಬೇಕು? ಸದ್ದೇ ಇಲ್ಲದ ಕಾರು ತಿರುವಿನಲ್ಲಿ ಆನೆಯ ಮುಂದೆ ಏಕಾಏಕಿ ಹೋಗಿ ನಿಂತರೆ?

"ಇದ್ರ ಸದ್ದಿಗೆ ಎಷ್ಟೋ ಸಲ ಆನೆಗಳೇ ದಾರಿ ಬಿಟ್ಟವೆ. ಆ ಕಾರಾದ್ರೆ ಆನೆಗೆ ನಾವು ಬರೋದೇ ಗೊತ್ತಾಗಲ್ವಲ್ಲ ಮಾರಾಯ್ರೆ," ಎಂದು ನನ್ನನ್ನೇ ಪ್ರಶ್ನೆ ಕೇಳುತ್ತಾರೆ.

ಮಗ್ಗೆ ಹತ್ತಿರ ಕಾಫಿ ಬೆಳೆಯುವ ಸೌಜನ್ಯ ಅವರದೊಂದು ಎಲೆಕ್ಟ್ರಿಕ್ ಕಾರಿದೆ. ಕಳೆದ ತಿಂಗಳ ಒಂದು ಮಂಗಳವಾರ ಅಂಬಾಸಿಡರ್ ಮತ್ತೆ ಮೊಂಡು ಹಿಡಿದಾಗ, ಚಂದ್ರಿಕಾ ಅವರ ಮನೆಗೆ ಓಡಿದರು. ಸೌಜನ್ಯ ಎರಡನೇ ಮಾತಾಡದೆ ಕೀಲಿ ಕೊಟ್ಟರು. ಆದರೆ ಹಿಂದಿನ ಸಂಜೆಯಿಂದ ಕರೆಂಟಿರಲಿಲ್ಲ. ಬ್ಯಾಟರಿ ಅರ್ಧಕ್ಕಿಂತ ಕೆಳಗಿತ್ತು.

"ಸಾಕಾಗ್ತದೆ ಅಕ್ಕ, ಆದ್ರೆ ನಿಧಾನ ಹೋಗಿ," ಎಂದಿದ್ದರು ಸೌಜನ್ಯ.

ಆ ಪಯಣವಿಡೀ ಚಂದ್ರಿಕಾರ ಕಣ್ಣು ರಸ್ತೆ ಮತ್ತು ಬ್ಯಾಟರಿಯ ಇಳಿಯುವ ಅಂಕಿಯ ನಡುವೆ ಓಡಾಡಿತು. ಏರು ಬಂದಾಗ ಅಂಕಿ ಇಳಿದರೆ ಇನ್ನಷ್ಟು ನಿಧಾನ ಮಾಡುತ್ತಿದ್ದರು. ಇಳಿಜಾರಿನಲ್ಲಿ ಬ್ಯಾಟರಿ ತಾನೇ ತುಂಬಿಕೊಂಡು ಒಂದು ಅಂಕಿ ಹೆಚ್ಚಾದಾಗ ನಂಬಲಾಗಲಿಲ್ಲ. ತಿರುವು ತಿರುವಿಗೂ ಹಾರ್ನ್ ಹೊಡೆದರು. ಎ.ಸಿ. ಮುಟ್ಟಲಿಲ್ಲ. ಹೊತ್ತಿಗೆ ಮುಂಚೆಯೇ ಆಸ್ಪತ್ರೆ ತಲುಪಿದರು. ರೋಗಿಗಳು ಒಳಗಿದ್ದಷ್ಟು ಹೊತ್ತು ಹಾಸನದಲ್ಲಿ ಚಾರ್ಜಿಂಗ್ ಜಾಗ ಹುಡುಕಿದರು. ಒಂದು ಕೆಟ್ಟಿತ್ತು, ಇನ್ನೊಂದರ ಮುಂದೆ ಗಾಡಿಗಳ ಸಾಲು. ಸಾಲಿನಲ್ಲಿ ನಿಂತು ಸ್ವಲ್ಪ ತುಂಬಿಸಿಕೊಂಡರು.

ವಾಪಸು ಬರುವಾಗ ದಾರಿಯ ನಡುವಿನ ಆಲೂರು ದಾಟಿದರೂ ಹಿಂದಿನ ಸೀಟಿನಿಂದ ಸದ್ದಿಲ್ಲ. ಪ್ರತಿ ಸಲ ಅಷ್ಟರಲ್ಲಿ ಬಕೆಟ್ ಕೇಳುವ ಮುನಿಯಮ್ಮ. ಚಂದ್ರಿಕಾ ಕಾರು ಪಕ್ಕಕ್ಕೆ ಹಾಕಿ, ಹಿಂದಿನ ಬಾಗಿಲು ತೆಗೆದು, ಆಕೆಯ ಮೂಗಿನ ಬಳಿ ಬೆರಳಿಟ್ಟರು.

"ನಿದ್ದೆ ಕಣವ್ವ," ಎಂದರು ರಂಗಸ್ವಾಮಿ ಪಿಸುದನಿಯಲ್ಲಿ. "ಎಬ್ಬಿಸ್ಬೇಡ. ಹೊರಟಾಗ್ಲೇ ನಿದ್ದೆ ಹೋಯ್ತು."

ರಸ್ತೆ ಬದಿಯಲ್ಲೇ ನಿಂತು ಚಂದ್ರಿಕಾ ಅತ್ತರಂತೆ. ಯಾಕೆಂದು ಈಗಲೂ ಗೊತ್ತಿಲ್ಲವಂತೆ.

ಕಾಫಿ ಗೋದಾಮಿನಲ್ಲಿ ಕೆಲಸ ಮಾಡುವ ಗಂಡ ಯೋಗೇಶ್ ಜೊತೆ ಕೂತು ಮಾತಾಡಿ, ಈಗ ಯಾರೋ ಬಳಸಿದ ಒಂದು ಎಲೆಕ್ಟ್ರಿಕ್ ಕಾರಿಗೆ ಮುಂಗಡ ಕೊಟ್ಟಿದ್ದಾರೆ. ಬಾಡಿಗೆ ಓಡಿಸುವ ಪರವಾನಗಿಗೆ ಅಲೆದಾಟ ನಡೆದಿದೆ. ಅಂಬಾಸಿಡರ್ ಮನೆಯಲ್ಲೇ ಇರುತ್ತದೆ. ಕರೆಂಟ್ ಹೋದ ದಿನಕ್ಕೆ, ಮದುವೆ ದಿಬ್ಬಣಕ್ಕೆ. ಅಂಜಿಕೆ ಹೋಯಿತೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಆ ಬ್ಯಾಟರಿ ಎಷ್ಟು ವರ್ಷ ಬಂದೀತು, ಕೆಟ್ಟರೆ ಬಸವಯ್ಯ ರಿಪೇರಿ ಮಾಡಿಯಾರೆ, ಆನೆ ಎದುರಾದರೆ ಹೇಗೆ? ಮಾತಿನ ನಡುವೆಯೂ ಮೊಬೈಲ್ ತೆಗೆದು ಆನೆಯ ಮೆಸೇಜ್ ನೋಡುತ್ತಾರೆ.

"ಆಲೂರಲ್ಲಿ ಒಂದು ಚಾರ್ಜಿಂಗ್ ಪಾಯಿಂಟ್ ಆದ್ರೆ ಸಾಕಿತ್ತು," ಎನ್ನುತ್ತಾರೆ. "ಬೇರೆ ಏನೂ ಆಸೆ ಇಲ್ಲ. ಹಿಂದೆ ಕೂತೋರಿಗೆ ನಿದ್ದೆ ಬರ್ಬೇಕು. ಹೆದ್ರಿಕೊಂಡು ಎಚ್ಚರ ಇರೋಕೆ ಮುಂದೆ ನಾನಿದೀನಲ್ಲ."