ಅಮ್ಮನ ಉಂಗುರಕ್ಕೆ ಹೊಳೆಯ ಕಲ್ಲು

ಜನವರಿ ಕೊನೆಯ ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಪುತ್ತೂರು ಬಸ್‌ಸ್ಟ್ಯಾಂಡಿನಿಂದ ಕಡಬಕ್ಕೆ ಹೊರಟೆ. ಸರ್ಕಾರಿ ಬಸ್ಸು; ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಸೊನ್ನೆಯ ಟಿಕೆಟ್. ಚೀಲದಲ್ಲಿ ಒಂದು ಸೀರೆ, ಭೂತಗನ್ನಡಿ, ಕಬ್ಬಿಣದ ಮೊಳೆ, ನೀರಿನ ಬಾಟಲಿ, ಎರಡು ಲಿಂಬೆಹಣ್ಣು, ನಾನೇ ಹೊಳಪು ಕೊಟ್ಟ ಎರಡು ಕಲ್ಲು, ಮತ್ತೆ ಕರ್ಚೀಫಿನಲ್ಲಿ ಗಂಟು ಹಾಕಿದ, ಕಲ್ಲಿಲ್ಲದ ಒಂದು ಬೆಳ್ಳಿಯ ಉಂಗುರ.

ಉಂಗುರ ಅಮ್ಮನದು. ಸುಳ್ಯದ ತವರಿನಲ್ಲಿ ಬಟ್ಟೆ ಒಗೆಯುವಾಗ ಅದರ ಕಲ್ಲು ಬಿದ್ದುಹೋಗಿ ಇಪ್ಪತ್ತು ವರ್ಷವಾಗಿರಬೇಕು. ನಾನು ಕಲ್ಲು ಕತ್ತರಿಸಿ ಉಜ್ಜುವುದನ್ನು ಕಲಿತ ಮೇಲೆ ಮೂರು ಸಲ ಬೇರೆ ಬೇರೆ ಕಲ್ಲು ಮಾಡಿ ಕೊಂಡುಹೋದೆ. ಮೂರನ್ನೂ ಹಿಂದೆ ಕೊಟ್ಟಳು. ಕುಮಾರಧಾರೆ ಹೊಳೆಯ, ಮೊದಲಿನಂಥದ್ದೇ ಕಲ್ಲು ಆಗಬೇಕು ಎಂದು ಅವಳ ಹಟ. ಅದು ಯಾವುದೆಂದು ಕೇಳಿದರೆ, "ಕಂಡ್ರೆ ಗೊತ್ತಾಗ್ತದೆ" ಎನ್ನುತ್ತಾಳೆ. ನನ್ನ ಅಕ್ಕ, ಕಡಬದ ಸರೋಜಕ್ಕ, ಅದು ಕೆಂಪು ಎಂದು ಆಣೆ ಹಾಕುತ್ತಾಳೆ. ತವರಿನ ಅಣ್ಣ ಕಪ್ಪು ಎನ್ನುತ್ತಾನೆ. ಈಗ ಅಣ್ಣನಿಗೆ ಮೊಮ್ಮಗಳು ಹುಟ್ಟಿದ್ದಾಳೆ. "ಈ ಸಲವೂ ಸಿಗದಿದ್ರೆ ಉಂಗುರ ಕರಗಿಸಿ ಮಗುವಿನ ಗೆಜ್ಜೆಗೆ ಸೇರಿಸುದು. ಶುಕ್ರವಾರ ಆಚಾರಿ ಬರ್ತಾನೆ" ಎಂದು ಅಮ್ಮ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ನನ್ನ ಕೈಯಲ್ಲಿದ್ದದ್ದು ಎರಡು ದಿನ.

ಕಡಬ ಮುಟ್ಟುವಾಗ ಒಂಬತ್ತಾಗಿತ್ತು. ಸರೋಜಕ್ಕನ ಮನೆಯಲ್ಲಿ ತಿಂಡಿಗೆ ಅಕ್ಕಿಯ ಪುಂಡಿ, ಕಡ್ಲೆ ಗಸಿ. ನಾಲ್ಕು ಪುಂಡಿ ತಿಂದ ಮೇಲೆ ಐದನೆಯದು ತಟ್ಟೆಗೆ ಬಿತ್ತು. "ಕಲ್ಲು ಹೊರುದಲ್ವಾ, ತಿನ್ನು" ಎಂದಳು. ಎಂಬತ್ತು ರೂಪಾಯಿ ರಿಕ್ಷಾ ಬಾಡಿಗೆ ಕೊಟ್ಟು ಇಬ್ಬರೂ ಕುಮಾರಧಾರೆಗೆ ಹೋದೆವು. ಹೊಳೆಯ ನೀರು ಇಳಿದು, ದಡದ ಉದ್ದಕ್ಕೂ ಗುಂಡಗಿನ ಉರುಟು ಕಲ್ಲುಗಳ ಹಾಸು. ಬಿಸಿಲಿನ್ನೂ ಏರಿರಲಿಲ್ಲ.

ನನ್ನ ಪರೀಕ್ಷೆ ಸರಳ. ಮೊಳೆಯಿಂದ ಗೀರುವುದು: ಮೆತ್ತನೆಯ ಕಲ್ಲಾದರೆ ಗೀರು ಬೀಳುತ್ತದೆ, ಗಟ್ಟಿಯದ್ದಾದರೆ ಮೊಳೆಯೇ ಸವೆದು ಬೂದು ಗೆರೆ ಬಿಡುತ್ತದೆ, ಬೆರಳಿನಿಂದ ಉಜ್ಜಿದರೆ ಹೋಗುತ್ತದೆ. ಲಿಂಬೆರಸ ಬಿಟ್ಟಾಗ ನೊರೆ ಎದ್ದರೆ ಅದು ಅಮೃತಶಿಲೆಯ ಬಳಗದ್ದು, ಗ್ರಾನೈಟ್ ಅಲ್ಲ. ಆಮೇಲೆ ಒದ್ದೆ ಮಾಡಿ ಬಣ್ಣ ನೋಡಬೇಕು, ಒಣಗುವಾಗ ಬಿರುಕು ನೋಡಬೇಕು. ಬಿರುಕಿನಲ್ಲಿ ನೀರು ನಿಂತು ಕಪ್ಪು ಗೆರೆಯಾಗಿ ಕಾಣುತ್ತದೆ.

ಅಕ್ಕನಿಗೆ ಪರೀಕ್ಷೆ ಬೇಡ. ಮೊಣಕಾಲುದ್ದ ನೀರಿಗೆ ಇಳಿದವಳು ಗುಲಾಬಿ ಬಣ್ಣದ ಕಲ್ಲೊಂದನ್ನು ಎತ್ತಿ, "ಇದೇ" ಎಂದಳು.

ಭೂತಗನ್ನಡಿ ಹಿಡಿದೆ. ಗಾಜಿನಂಥ ಹರಳು, ಗುಲಾಬಿ ಹರಳು, ನಡುನಡುವೆ ಮಿನುಗುವ ಅಭ್ರಕ. ಅಪ್ಪಟ ಗ್ರಾನೈಟ್. "ಚಂದ ಉಂಟು ಅಕ್ಕ. ಆದ್ರೆ ಹರಳು ದೊಡ್ಡದು. ಉಂಗುರಕ್ಕೆ ಬೇಕಾದದ್ದು ಕಡ್ಲೆಯಷ್ಟು. ಅಷ್ಟು ಕತ್ತರಿಸಿದ್ರೆ ಒಂದೇ ಬಣ್ಣ ಬರ್ತದೆ, ಬೆರಕೆ ಕಾಣುದಿಲ್ಲ."

"ನಿನಗೆ ಎಲ್ಲದರಲ್ಲಿಯೂ ಒಂದು ಕೊಂಕು" ಎಂದು ಅದನ್ನು ಸೆರಗಿಗೆ ಕಟ್ಟಿಕೊಂಡಳು.

ಆಚೆ ಬಲೆ ತೊಳೆಯುತ್ತಿದ್ದವನೊಬ್ಬ ನಮ್ಮನ್ನೇ ನೋಡುತ್ತಿದ್ದ. ಈ ಕಡೆ ಹೊಳೆಯಲ್ಲಿ ಬಗ್ಗಿ ಕಲ್ಲು ಹೆಕ್ಕಿದರೆ ಜನ ಮಾಣಿಕ್ಯವೆಂದೇ ತಿಳಿಯುತ್ತಾರೆ. "ಹರಳು ಸಿಕ್ಕಿತಾ ಅಕ್ಕ?" ಎಂದ.

"ಸಿಕ್ಕಿದ್ರೆ ರಿಕ್ಷಾದಲ್ಲಿ ಬರ್ತಿದ್ದೆವಾ ಮಾರಾಯ?" ಎಂದಳು ಅಕ್ಕ. ಅವನು ನಗುತ್ತಾ ಬಂದು ತಾನೂ ಒಂದು ಗಂಟೆ ಹೆಕ್ಕಿಕೊಟ್ಟ. ಕೊನೆಗೆ ಉಳಿದದ್ದು ಹನ್ನೊಂದು ಕಲ್ಲು. ಅದರಲ್ಲೊಂದು ಅವನೇ ಕೊಟ್ಟದ್ದು, ಅಡಿಕೆಗಿಂತ ಚಿಕ್ಕದು, ಮಸಿಬಣ್ಣದ್ದು. ಗಟ್ಟಿ ಇತ್ತು, ಹರಳು ಸಣ್ಣ. ಒದ್ದೆ ಮಾಡಿ ಬಣ್ಣ ನೋಡುವ ಮೊದಲೇ ಅಕ್ಕ "ಹೊಟ್ಟೆ ಹಸಿತದೆ" ಎಂದು ಚೀಲಕ್ಕೆ ಹಾಕಿಬಿಟ್ಟಳು.

ಗುರುವಾರ ಇಬ್ಬರೂ ಸುಳ್ಯಕ್ಕೆ. ನಿಂತಿಕಲ್ಲಿನಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ಮುಂದಿನದು ಮುಕ್ಕಾಲು ಗಂಟೆ ತಡ. ಹೋಟೆಲಿನಲ್ಲಿ ಬನ್ಸ್, ಚಾ. ಅಕ್ಕ ಸೆರಗಿನ ಗಂಟು ಬಿಚ್ಚಿದಳು. ನಿನ್ನೆಯ ಗುಲಾಬಿ ಒಣಗಿ ಬೂದಿಯಂತಾಗಿತ್ತು. ಕಲ್ಲು ನೋಡಿದಳು, ನನ್ನನ್ನು ನೋಡಿದಳು. "ರಾತ್ರಿ ನೀನು ಬದಲಾಯಿಸಿದ್ದು ಎಂತಕ್ಕೆ?"

"ಅಕ್ಕ, ಅದೇ ಕಲ್ಲು."

"ನನಗೆ ಕಲಿಸಬೇಡ" ಎಂದವಳು ಬೆಳ್ಳಾರೆವರೆಗೂ ಕಿಟಕಿಯಿಂದ ಹೊರಗೆ ನೋಡುತ್ತಾ ಬಂದಳು. ಬೆಳ್ಳಾರೆ ದಾಟಿದ ಮೇಲೆ ತಾನೇ ನಕ್ಕಳು.

ಮಧ್ಯಾಹ್ನ ತವರು. ಅಮ್ಮ ಹಿತ್ತಿಲ ನಲ್ಲಿಯ ಬಳಿ ಮಣೆ ಹಾಕಿ ಬಂಗುಡೆ ಮೀನು ತೊಳೆಯುತ್ತಿದ್ದಳು. ಸುಮತಿ ಅತ್ತಿಗೆ ಪುನರ್ಪುಳಿ ಶರಬತ್ತು ತಂದಳು. ನಾನು ಪುತ್ತೂರಿನಿಂದ ತಂದಿದ್ದ, ಹೊಳಪು ಕೊಟ್ಟ ಎರಡು ಕಲ್ಲನ್ನು ಮೊದಲು ತೋರಿಸಿದೆ. ಅಮ್ಮ ಕತ್ತೆತ್ತಿ, "ಇದು ಅಂಗಡಿಯ ಗಾಜಿನೊಳಗೆ ಇಡುವಂಥದ್ದು. ನನ್ನದ್ದಲ್ಲ" ಎಂದಳು. ಹೊಳೆಯ ಹನ್ನೊಂದನ್ನು ಕಾಗದದ ಮೇಲೆ ಹರಡಿದೆ. ಮಸಿಬಣ್ಣದ್ದನ್ನು ಕಂಡು ಅಣ್ಣ, "ಹೀಗೇ ಇತ್ತು, ಅಮ್ಮ ರಾತ್ರಿ ತೆಗೆದು ದೇವರ ಕೋಣೆಯ ಗೂಡಲ್ಲಿ ಇಡ್ತಿದ್ಲಲ್ಲ" ಎಂದ. ಅಮ್ಮ ತಲೆ ಅಲ್ಲಾಡಿಸಿದಳು. "ಇದು ಇದ್ದಲು."

ನಾನು ಕಲ್ಲುಗಳನ್ನು ಒಟ್ಟು ಮಾಡತೊಡಗಿದೆ. ಸರೋಜಕ್ಕ, "ಆಚಾರಿ ನಾಳೆ ಎಷ್ಟು ಹೊತ್ತಿಗೆ ಬರುದು?" ಎಂದು ಮೆಲ್ಲಗೆ ಕೇಳಿದಳು.

"ಕೂತ್ಕೊಳ್ಳಿ ಮೊದಲು. ಹೊಳೆಯದ್ದನ್ನು ತೊಳೆಯದೆ ಒಳಗೆ ತರ್ಲಿಕ್ಕಿಲ್ಲ" ಎಂದ ಅಮ್ಮ ಕೈಯನ್ನು ಸಾಬೂನಿನಲ್ಲಿ ತೊಳೆದುಕೊಂಡು, ಹನ್ನೊಂದನ್ನೂ ಬೋಗುಣಿಗೆ ಸುರಿದು ನಲ್ಲಿ ಬಿಟ್ಟಳು. ಒಂದೊಂದನ್ನೇ ಉಜ್ಜಿ ಇಡುತ್ತಾ ಬಂದವಳು ಒಂದರ ಬಳಿ ನಿಂತಳು. ಬಿಸಿಲಿಗೆ ಹಿಡಿದಳು.

ಮಸಿ ಬಣ್ಣ ಎಲ್ಲಿ ಹೋಯಿತೋ. ಒದ್ದೆ ಬೆರಳುಗಳ ನಡುವೆ ಕಲ್ಲು ನಮ್ಮ ಲೋಟದ ಶರಬತ್ತಿನಂತೆ ಗಾಢ ಕೆಂಪಾಗಿತ್ತು. ಗಾರ್ನೆಟ್ ಎಂಬ ಕೆಂಪು ಹರಳು ತುಂಬಿದ ಕಲ್ಲು. ಮೇಲೆ ಸವೆದ ಮಬ್ಬು ಪದರ. ನಾನು ಭೂತಗನ್ನಡಿ ತೆಗೆಯುವ ಮೊದಲೇ ಅಮ್ಮ, "ಇದು" ಎಂದಳು.

"ಈಗ ತಾನೇ ಇದ್ದಲು ಅಂದ್ರಿ" ಎಂದಳು ಅತ್ತಿಗೆ.

"ಆಗ ಒಣಗಿತ್ತು."

"ನಾನು ಕೆಂಪು ಅಂದದ್ದು ಸರಿ" ಎಂದಳು ಅಕ್ಕ. ಅವಳು ನೋಡಿದ್ದು ಅಮ್ಮನ ಜೊತೆ ಬಟ್ಟೆ ಒಗೆಯುವಾಗ. ಅಣ್ಣ ನೋಡಿದ್ದು ಗೂಡಿನಲ್ಲಿ. ಇಪ್ಪತ್ತು ವರ್ಷ ಇಬ್ಬರೂ ಸುಳ್ಳು ಹೇಳಿರಲಿಲ್ಲ.

ನನಗೆ ಹುರುಪು ಬಂತು. "ಅಮ್ಮ, ಹೊಳಪು ಕೊಟ್ರೆ ಒಣಗಿದಾಗಲೂ ಹೀಗೇ ಕೆಂಪು ಕಾಣ್ತದೆ. ಕನ್ನಡಿ ಹಾಗೆ ಮಾಡಿ ಕೊಡ್ತೇನೆ."

"ಬೇಡ. ಉರುಟು ಮಾಡಿ ಕೂರಿಸು, ಸಾಕು. ಹೊಳಪು ಗಿಳಪು ಬೇಡ."

"ಒಣಗಿದಾಗ ಇದ್ದಲಿನ ಹಾಗೆ ಕಾಣ್ತದಲ್ಲ?"

ಅಮ್ಮ ಪುನಃ ಬಂಗುಡೆಯ ಪಾತ್ರೆಗೆ ಕೈ ಹಾಕಿದಳು. "ನನ್ನ ಕೈ ಯಾವಾಗ ಒಣಗಿತ್ತು ಮಾರಾಯ್ತಿ?"

ಶುಕ್ರವಾರ ಆಚಾರಿ ಬಂದು ಉಂಗುರವಿಲ್ಲದೆ ಗೆಜ್ಜೆಯ ಅಳತೆ ತೆಗೆದುಕೊಂಡು ಹೋದ. ಅಕ್ಕ ಎರಡು ದಿನ ಅಲ್ಲೇ ಉಳಿದಳು. ಅವಳ ಗುಲಾಬಿ ಕಲ್ಲನ್ನು ಅಮ್ಮ ಉಪ್ಪಿನಕಾಯಿ ಭರಣಿಯಲ್ಲಿ ಮಿಡಿ ಮುಳುಗಿಸಲು ಇಟ್ಟುಕೊಂಡಳು. ನನಗೆ ಅದೇ ದಿನ ಸುಳ್ಯದಿಂದ ಪುತ್ತೂರಿಗೆ ಹನ್ನೊಂದೂವರೆಯ ಬಸ್ಸು, ಕಿಟಕಿಯ ಸೀಟು. ಕಲ್ಲನ್ನು ಅಂಗೈಯಲ್ಲಿಟ್ಟು ಬಾಟಲಿಯಿಂದ ನಾಲ್ಕು ಹನಿ ಹಾಕಿದೆ, ಕೆಂಪಾಯಿತು. ಗಾಳಿಗೆ ಒಣಗಿತು. ಪುನಃ ಹಾಕಿದೆ. ಪಕ್ಕದಲ್ಲಿದ್ದ ಹೆಂಗಸು ಸೀರೆ ಒಟ್ಟುಮಾಡಿಕೊಂಡು ಅತ್ತ ಸರಿದಳು. ಪುತ್ತೂರು ಮುಟ್ಟುವಾಗ ವಿಪರೀತ ಬಾಯಾರಿತ್ತು, ಬಾಟಲಿಯಲ್ಲಿ ಹನಿ ನೀರಿರಲಿಲ್ಲ.